ಲ್ಯಾಬಿಗೆ ಕೊಟ್ಟ ಒಳ್ಳೆಯ ನೀರು

ಜನವರಿ 12, ಭಾನುವಾರ

ಬೆಳಗಿನ ಜಾವ ಕಾವೇರಿ ನೀರು ಬಂತು. ನಾನು ಮೋಟರ್ ಹಾಕಿದೆ. ಇವರು ಎದ್ದು ಬಂದು ಆಫ್ ಮಾಡಿದರು. ಮತ್ತೆ ಹಾಕಿದೆ. ನಮ್ಮ ಮನೆಯ ಸುಪ್ರಭಾತ ಇದೇ.

ತಿಂಡಿ ಮುಗಿಯುವಷ್ಟರಲ್ಲಿ ಬೀದಿಯಲ್ಲಿ ಕಲಾಯಿಯವನ ಕೂಗು. ಬಸವೇಶ್ವರನಗರದಲ್ಲಿ ಆ ಕೂಗು ಕೇಳಿ ಎಷ್ಟು ವರ್ಷವಾಗಿತ್ತೋ. ಮೊಪೆಡ್ ಮೇಲೆ ಇದ್ದಿಲ ಮೂಟೆ, ತಿದಿ. ಓಡಿಹೋಗಿ ಅಟ್ಟದಿಂದ ಅಮ್ಮನ ಹಿತ್ತಾಳೆ ತಪ್ಪಲೆ ಇಳಿಸಿದೆ. ಒಳಗಿನ ಕಲಾಯಿ ಪೂರ್ತಿ ಸವೆದಿತ್ತು. ಪಕ್ಕದ ಮನೆ ಪಂಕಜಾ ತನ್ನ ಹಾಲಿನ ಪಾತ್ರೆ ತಂದಳು. ಮೊಮ್ಮಗ ಶ್ರೀಶನಿಗೆ ಅದರಲ್ಲೇ ಹಾಲು ಕಾಯಿಸಬೇಕಂತೆ. ಗೇಟಿನ ಹತ್ತಿರ ಇಬ್ಬರೂ ಕಾವಲು ನಿಂತು ಮಾಡಿಸಿದೆವು. ಕಾದ ಪಾತ್ರೆಗೆ ನವಸಾಗರ ಎರಚಿದ, ಬಿಳಿ ಲೋಹದ ಕಡ್ಡಿ ಸವರಿದ, ಹತ್ತಿಯಲ್ಲಿ ಒಂದು ಸುತ್ತು ಒರೆಸಿದ... ಬೆಳ್ಳಿಯ ಹಾಗೆ ಆಯಿತು. ಮುಖ ಕಾಣುತ್ತಿತ್ತು. ನನ್ನ ಮುಖ ಅಷ್ಟು ಅಗಲವಾಗಿದೆ ಎಂದು ಗೊತ್ತಿರಲಿಲ್ಲ.

ಮಗಳು ಗಗನಾ ಚೊಚ್ಚಲ ಬಾಣಂತನಕ್ಕೆ ಬರುವ ಹೊತ್ತಿಗೆ ತಪ್ಪಲೆ ಸಿದ್ಧ. ಅವಳು ಹುಟ್ಟಿದಾಗ ಅಮ್ಮ ನನಗೆ ಇದರಲ್ಲೇ ನೀರು ಕಾಯಿಸಿ, ಆರಿಸಿ ಕೊಟ್ಟಿದ್ದಳು. ಸ್ಟೀಲ್ ಪಾತ್ರೆಯ ನೀರು ನೀರೇ ಅಲ್ಲ ಎನ್ನುವುದು ಅಮ್ಮನ ವಾದ. ನನ್ನದೂ ಅದೇ. ಇವತ್ತಿನಿಂದ ನಾವೂ ಕುಡಿಯುವ ನೀರು ಇದರಲ್ಲೇ.

ಜನವರಿ 16

ಹುಬ್ಬಳ್ಳಿಯಿಂದ ಗಗನಾ ಫೋನ್. ಅಲ್ಲಿನ ಡಾಕ್ಟರು ಏನೋ ಹೇಳಿದ್ದಾರೆ.

"ಅಮ್ಮ, ನಮ್ಮನೆ ಹಳೇದಲ್ವಾ. ಹಳೇ ನಲ್ಲಿ, ಹಳೇ ಪೈಪ್, ಬೆಸುಗೆ ಇದ್ರಿಂದೆಲ್ಲ ನೀರಿಗೆ ಸೀಸ ಸೇರತ್ತಂತೆ. ಕಣ್ಣಿಗೆ ಕಾಣಲ್ಲ, ರುಚೀನೂ ಗೊತ್ತಾಗಲ್ಲ. ಮಗು ಮೆದುಳಿಗೆ ತುಂಬಾ ಕೆಟ್ಟದ್ದು. ನಾನು ಬರೋಕೆ ಮುಂಚೆ ಟೆಸ್ಟ್ ಮಾಡ್ಸಿಬಿಡಿ."

ಫೋನ್ ಸ್ಪೀಕರಿನಲ್ಲಿತ್ತು. ಇವರ ಕಣ್ಣು ಹೊಳೆಯಿತು. ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್. ರಿಟೈರ್ ಆದ ಮೇಲೆ ಇನ್‌ಸ್ಪೆಕ್ಟ್ ಮಾಡಲು ಸಿಕ್ಕಿದ್ದು ನನ್ನ ಚಪಾತಿ ಮಾತ್ರ. ಸಂಜೆಯೊಳಗೆ ರಾಜಾಜಿನಗರದ ಒಂದು ಲ್ಯಾಬಿಗೆ ಹೋಗಿ ಬಾಟಲಿ ತಂದರು. ಬಾಟಲಿಗೆ ಲೇಬಲ್. ಲೇಬಲ್ ಮೇಲೆ ದಪ್ಪ ಅಕ್ಷರದಲ್ಲಿ ನಮ್ಮ ಹೆಸರು, ವಿಳಾಸ.

ಜನವರಿ 18, ಬೆಳಗ್ಗೆ

ವಾಕಿಂಗಿಗೆ ಹೊರಡುವಾಗ ಇವರ ಆದೇಶ: "ಸತ್ಯಾ, ಅಡುಗೆಮನೆ ನಲ್ಲಿ ತಿರುಗಿಸಿದಾಗ ಮೊದ್ಲು ಬರೋ ನೀರೇ ಹಿಡೀಬೇಕು. ನಾನು ಬರೋಷ್ಟರಲ್ಲಿ ರೆಡಿ ಇರ್ಲಿ."

ನಲ್ಲಿಯ ಕೆಳಗೆ ಬಾಟಲಿ ಹಿಡಿದೆ. ಹಿಡಿದವಳು ನಿಲ್ಲಿಸಿದೆ. ಲೇಬಲ್ ಮೇಲೆ 'ಸೇತುರಾಮ ಮತ್ತು ಕುಟುಂಬ' ಎಂದಿದೆ. ಮನೆಗೆ ಕೊರಿಯರ್ ಹುಡುಗ ಬಂದರೂ ಕಾಯಿಸಿ ಆರಿಸಿದ ನೀರು ಕೊಡುವವಳು ನಾನು. ಲ್ಯಾಬಿನವರಿಗೆ ನಲ್ಲಿ ನೀರು ಹಿಡಿದು ಕಳಿಸುವುದೇ? ಆ ಕುಟುಂಬದ ಹೆಂಗಸು ಎಂಥವಳು ಅಂದುಕೊಳ್ಳುವುದಿಲ್ಲವೇ?

ತಪ್ಪಲೆಯಿಂದ ತುಂಬಿದೆ. ರಾತ್ರಿ ಕುದಿಸಿ ಅದರಲ್ಲೇ ಮುಚ್ಚಿಟ್ಟಿದ್ದ ನೀರು. ತಿಳಿಯಾಗಿ ಫಳಫಳ ಅನ್ನುತ್ತಿತ್ತು. ಹೇಗಿದ್ದರೂ ನಾವು ಕುಡಿಯುವುದು ಅದನ್ನೇ.

ಜನವರಿ 24

ಸೀಸ ಇದೆ. ಇರಬಹುದಾದ ಮಿತಿಯ ಮೂರರಷ್ಟು.

ಕಾಗದವನ್ನು ಇವರು ಮೂರು ಕನ್ನಡಕ ಬದಲಿಸಿ ಓದಿದರು. ಅಂಕಿ ಬದಲಾಗಲಿಲ್ಲ.

"ಕುದಿಸಿದ್ದ..." ಎಂದು ಬಾಯಿ ತೆರೆದೆ. ಮಾತು ಮುಗಿಸಲು ಬಿಡಲಿಲ್ಲ. "ಕುದಿಸಿದ್ರೆ ಸೀಸ ಹೋಗಲ್ಲ ಕಣೇ. ನೀರು ಆವಿಯಾಗಿ ಹೋಗತ್ತೆ, ಸೀಸ ಹಾಗೇ ಕೂತಿರತ್ತೆ. ಇನ್ನೂ ಗಟ್ಟಿಯಾಗತ್ತೆ." ಫೋನಿನಲ್ಲಿ ಓದಿದ್ದಾರೆ. ಹಾಗಾದರೆ ಇಷ್ಟು ವರ್ಷ ಗ್ಯಾಸ್ ಸುಟ್ಟಿದ್ದು ದಂಡ ಎಂದು ಬೇಜಾರಾಯಿತು. ಬೇರೇನೂ ಹೇಳಲಿಲ್ಲ.

ಜನವರಿ 27

ಹೊಸ ಕಾಯಿದೆಗಳು ಜಾರಿಯಾಗಿವೆ. ಬೆಳಗ್ಗೆ ನಲ್ಲಿಯಲ್ಲಿ ರಾತ್ರಿಯಿಡೀ ನಿಂತ ನೀರನ್ನು ಮೊದಲು ಹರಿಯಬಿಡಬೇಕು. ಗೀಸರಿನ ಬಿಸಿನೀರನ್ನು ಕಾಫಿಗೆ ಹಾಕಬಾರದು, ಬಿಸಿನೀರು ಸೀಸವನ್ನು ಬೇಗ ಎಳೆದುಕೊಳ್ಳುತ್ತದಂತೆ. ನಲ್ಲಿಯ ಬಾಯಿಯ ಜಾಲರಿ ಬಿಚ್ಚಿ ತೊಳೆಯಬೇಕು. ಎಲ್ಲ ಸರಿಯೇ. ಆದರೆ ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ನೀರನ್ನು ಸುಮ್ಮನೆ ಮೋರಿಗೆ ಬಿಡಲು ನನ್ನ ಕೈ ಬರುವುದಿಲ್ಲ. ಬಕೆಟಿನಲ್ಲಿ ಹಿಡಿದೆ. ನೆಲ ಒರೆಸಿದೆ, ಗಾಡಿ ತೊಳೆದೆ, ಕುಂಡಗಳಿಗೆ ಹಾಕಿದೆ. ಇನ್ನೂ ಎರಡು ಬಕೆಟ್ ಉಳಿಯಿತು. ಕರಿಬೇವಿನ ಗಿಡ ಎಲೆ ಉದುರಿಸುತ್ತಿದೆ. ಇವರು ಸೀಸ ಅನ್ನುತ್ತಾರೆ. ನೀರು ಜಾಸ್ತಿಯಾಗಿ ಬೇರು ಕೊಳೆತಿದೆ ಅನ್ನುತ್ತೇನೆ ನಾನು.

ಜನವರಿ 29

ಸುದ್ದಿ ಹುಬ್ಬಳ್ಳಿ ಮುಟ್ಟಿದೆ. ಬೀಗಿತ್ತಿ ಕಲಾವತಿಯವರ ಫೋನ್.

"ಏನ್ರೀ ಸತ್ಯವತಿಯವರ, ನಿಮ್ಮ ನೀರಾಗ ಸೀಸ ಅದ ಅಂತಲ್ಲ? ಕಾಳಜಿ ಮಾಡಬ್ಯಾಡ್ರಿ. ಬಾಣಂತನ ಇಲ್ಲೇ ಮಾಡೂಣಂತ. ನಮ್ಮಲ್ಲಿ ನೀರು ಎಂಟು ದಿನಕ್ಕೊಮ್ಮೆ ಬರ್ತದ ಖರೆ, ಆದ್ರ ಬಂದಾಗ ಚೊಲೋ ಬರ್ತದ."

ನಕ್ಕೆ. ಫೋನ್ ಇಟ್ಟ ಮೇಲೆ ನಗಲಿಲ್ಲ. ಒಳ್ಳೆಯ ಹೆಂಗಸೇ. ಅದೇ ಕಷ್ಟ. ಕೆಟ್ಟವಳಾಗಿದ್ದರೆ ಜಗಳವಾಡಬಹುದಿತ್ತು.

ಇರುವುದೊಬ್ಬಳೇ ಮಗಳು. ಅವಳ ಬಾಣಂತನ ನಾನು ಮಾಡಬೇಕು. ಅವಳ ತಲೆಗೆ ನಾನು ಎಣ್ಣೆ ಹಾಕಬೇಕು, ಮಗುವಿಗೆ ನಾನು ನೀರೆರೆಯಬೇಕು. ಇದು ಸ್ವಾರ್ಥ ಅಂದರೆ ಅನ್ನಲಿ. ನನಗೆ ಬೇಕು.

ಫೆಬ್ರವರಿ 8

ಹತ್ತು ದಿನ ಬರೆಯಲಿಲ್ಲ. ಬರೆಯಲು ಕೂರುವ ಜಾಗದಲ್ಲಿ ಸಿಮೆಂಟ್ ಮೂಟೆ ಇತ್ತು.

ಲಗ್ಗೆರೆಯಿಂದ ಪ್ಲಂಬರ್ ತಮ್ಮಣ್ಣ ಬಂದು ಅಡುಗೆಮನೆ ಗೋಡೆ ಸೀಳಿದ. ಮನೆ ಕಟ್ಟಿಸಿದಾಗ ಹಾಕಿದ್ದ ಕಬ್ಬಿಣದ ಪೈಪ್ ಹೊರತೆಗೆದು ಮೂಗಿಗೆ ಹಿಡಿದ.

"ಸೀಸನೇ ಸಾರ್ ಇದು. ವಾಸ್ನೆ ನೋಡಿ."

ಇವರು ಮೂಸಿದರು. "ಹೌದು ಕಣಯ್ಯ, ಏನೋ ಇದೆ" ಎಂದರು. ಸೀಸಕ್ಕೆ ವಾಸನೆ ಇಲ್ಲ ಎಂದು ಹಿಂದಿನ ದಿನವಷ್ಟೇ ಊಟಕ್ಕೆ ಕೂತಾಗ ನನಗೆ ಪಾಠ ಮಾಡಿದ್ದವರೇ. ನಾನೂ ಮೂಸಿದೆ. ತುಕ್ಕು.

ಈಗ ಹೊಸ ಪ್ಲಾಸ್ಟಿಕ್ ಪೈಪ್. ಸಾಲದು ಎಂದು ಆರ್‌ಓ ಫಿಲ್ಟರ್ ಕೂಡ ಬಂದಿದೆ. ಸೀಸವನ್ನು ತಡೆಯುತ್ತದಂತೆ. ಒಂದು ಬಿಂದಿಗೆ ಕೊಟ್ಟು ಎರಡು ಬಿಂದಿಗೆ ಆಚೆ ಉಗುಳುತ್ತದೆ. ಉಗುಳಿದ್ದಕ್ಕೂ ಬಕೆಟ್ ಇಟ್ಟಿದ್ದೇನೆ. ಮನೆಯಲ್ಲಿ ಈಗ ನಡೆದಾಡಲು ಜಾಗವಿಲ್ಲ, ಬಕೆಟ್ ದಾಟಿಕೊಂಡು ಓಡಾಡಬೇಕು.

ಆರ್‌ಓ ನೀರು ಸಪ್ಪೆ. ತಪ್ಪಲೆಗೆ ಸುರಿದು ಕುದಿಸಿ ಇಟ್ಟರೆ ಸ್ವಲ್ಪ ಜೀವ ಬರುತ್ತದೆ.

ಫೆಬ್ರವರಿ 10

ಎರಡನೇ ಬಾಟಲಿ. ಈ ಸಲ ಇನ್ನೂ ಜಾಗ್ರತೆ ಮಾಡಿದೆ. ಆರ್‌ಓ ನೀರನ್ನು ತಪ್ಪಲೆಯಲ್ಲಿ ಚೆನ್ನಾಗಿ ಕುದಿಸಿ, ರಾತ್ರಿಯೆಲ್ಲ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಸೌಟಿನಲ್ಲಿ ತೆಗೆದು ತುಂಬಿದೆ. ಇದಕ್ಕಿಂತ ಒಳ್ಳೆಯ ನೀರು ಈ ಲೇಔಟಿನಲ್ಲೇ ಇಲ್ಲ. ಈ ಬಾರಿ ಪಾಸಾಗದಿದ್ದರೆ ಕೇಳಿ.

ಫೆಬ್ರವರಿ 17

ಮೊದಲಿಗಿಂತ ಜಾಸ್ತಿ.

ಇವರು ಸೋಫಾದಲ್ಲಿ ಕೂತು ಗೋಡೆ ನೋಡುತ್ತಿದ್ದರು. "ಪೈಪ್ ಹೊಸದು. ಫಿಲ್ಟರ್ ಹೊಸದು. ಹೇಗೆ ಜಾಸ್ತಿ ಆಗತ್ತೆ ಸತ್ಯಾ?" ದನಿ ಸಣ್ಣಗಾಗಿತ್ತು. ಅಯ್ಯೋ ಪಾಪ ಅನ್ನಿಸಿತು. ಇವರ ಮೇಲೆ ಹಾಗೆ ಅನ್ನಿಸುವುದು ಅಪರೂಪ.

ಸಂಜೆ ಗಗನಾ ಫೋನ್ ಮಾಡಿ ಅತ್ತಳು. "ಅಮ್ಮ, ನಂಗೆ ಅಲ್ಲಿಗೇ ಬರ್ಬೇಕು ಅಂತ ಇದೆ. ಆದ್ರೆ ಮಗು... ಇನ್ನೊಂದ್ ಸಲನೂ ಹಿಂಗೇ ಬಂದ್ರೆ ನಾನು ಇಲ್ಲೇ ಇರ್ತೀನಿ. ಬೇಜಾರ್ ಮಾಡ್ಕೋಬೇಡ."

ಬೇಜಾರೇನಿಲ್ಲ ಎಂದೆ. ಅಡುಗೆಮನೆಗೆ ಹೋಗಿ ತಪ್ಪಲೆಯ ಮುಂದೆ ನಿಂತು ಅತ್ತೆ. ಆಮೇಲೆ ಅದರಿಂದಲೇ ಒಂದು ಲೋಟ ನೀರು ಕುಡಿದು ಸಮಾಧಾನ ಮಾಡಿಕೊಂಡೆ.

ಫೆಬ್ರವರಿ 20

ಇವರಿಗೆ ಹೊಸ ಅಪರಾಧಿ ಸಿಕ್ಕಿದ್ದಾನೆ. ಅಡುಗೆಮನೆಯ ಹಿತ್ತಾಳೆ ನಲ್ಲಿ. ಗೃಹಪ್ರವೇಶದ ಹಿಂದಿನ ದಿನ ಇವರೇ ಕೈಯಾರೆ ಕೂರಿಸಿದ್ದು. ಹಳೆಯ ಹಿತ್ತಾಳೆ ನಲ್ಲಿಗಳಲ್ಲಿ ಸೀಸ ಬೆರೆಸುತ್ತಿದ್ದರಂತೆ. ತಮ್ಮಣ್ಣ ಅದನ್ನು ತಿರುಗಿಸಿ ಬಿಚ್ಚಿ ಹೊಸದು ಕೂರಿಸುವಾಗ ಇವರು ಮುಖ ಆ ಕಡೆ ಮಾಡಿದರು.

ಮೂರನೇ ಬಾಟಲಿ. ತಪ್ಪಲೆ ಮನೆಯಲ್ಲಿಲ್ಲ. ಶ್ರೀಶನಿಗೆ ಎರಡು ತುಂಬಿತೆಂದು ಪಂಕಜಾ ಪಾಯಸಕ್ಕೆ ಒಯ್ದಿದ್ದಾಳೆ. ಬೇರೆ ದಾರಿ ಇಲ್ಲದೆ ಫಿಲ್ಟರಿನ ಕೊಳವೆಗೇ ಬಾಟಲಿ ಹಿಡಿದೆ. ಒಂಥರಾ ನಾಚಿಕೆಯಾಯಿತು. ಲೇಬಲ್ ಮೇಲೆ ನಮ್ಮ ಹೆಸರಿದೆಯಲ್ಲ.

ಫೆಬ್ರವರಿ 26

ಸೀಸ ಇಲ್ಲ. ಲವಲೇಶವೂ ಇಲ್ಲ.

ಇವರು ಮೈಸೂರುಪಾಕು ತಂದು ಇಡೀ ಬೀದಿಗೆ ಹಂಚಿದರು. "ನಲ್ಲೀರೀ, ನಲ್ಲಿ! ಮೂವತ್ತು ವರ್ಷ ಕಣ್ಮುಂದೇನೇ ಇತ್ತು." ಗಗನಾ ಕುಣಿಯುವುದೊಂದು ಬಾಕಿ. ಮಾರ್ಚ್ ಹದಿನಾಲ್ಕಕ್ಕೆ ಅಳಿಯ ಅರುಣ ಕರೆದುಕೊಂಡು ಬರುತ್ತಾನಂತೆ. ಕಲಾವತಿಯವರು "ಚೊಲೋ ಆತು ಬಿಡ್ರಿ" ಎಂದರು. ಸ್ವಲ್ಪ ಸಪ್ಪಗೆ ಅಂದರು.

ಕ್ಷೇಮಾಭಿವೃದ್ಧಿ ಸಂಘದ ಕೃಷ್ಣಯ್ಯನವರು ಬಂದು, ಒಂಬತ್ತನೇ ತಾರೀಖು ಭಾನುವಾರ ಪಾರ್ಕಿನಲ್ಲಿ ಇವರದೊಂದು ಭಾಷಣ ಎಂದು ಗೊತ್ತು ಮಾಡಿ ಹೋದರು. ವಿಷಯ: ನಲ್ಲಿ ಬದಲಿಸಿ, ಸೀಸ ಓಡಿಸಿ.

ಫೆಬ್ರವರಿ 27, ಮಧ್ಯಾಹ್ನ

ಪಂಕಜಾ ತಪ್ಪಲೆ ತಂದುಕೊಟ್ಟಳು. ನೀರು ತುಂಬಲು ಹೋದವಳ ಕೈ ನಿಂತಿತು.

ಮೊದಲ ಬಾಟಲಿ ತಪ್ಪಲೆಯದು. ಸೀಸ. ಎರಡನೆಯದು ತಪ್ಪಲೆಯದು, ಇನ್ನೂ ಹೆಚ್ಚು ಕುದಿಸಿದ್ದು. ಜಾಸ್ತಿ ಸೀಸ. ಮೂರನೆಯದು ತಪ್ಪಲೆಯದಲ್ಲ.

ಹಾಗಿರಲಾರದು. ಅಮ್ಮನ ತಪ್ಪಲೆ. ಇದರಲ್ಲಿ ಕುಡಿದೇ ನಾನು ಬದುಕಿದ್ದು, ಗಗನಾ ಬೆಳೆದಿದ್ದು. ಆದರೆ ಒಳಗಿನ ಹೊಳಪು ಅಮ್ಮನದಲ್ಲ. ಮೊಪೆಡ್‌ನವನದು. ಕಲಾಯಿಗೆ ಬರೀ ತವರ ಹಾಕಬೇಕು. ತವರ ದುಬಾರಿ, ಸೀಸ ಅಗ್ಗ. ಅವನು ಸವರಿದ ಕಡ್ಡಿ ಯಾವುದೆಂದು ನಾವು ಇಬ್ಬರೂ ಕೇಳಲಿಲ್ಲ. ಹೊಳಪು ನೋಡುತ್ತಾ ನಿಂತಿದ್ದೆವು.

ನಾವು ಇಬ್ಬರೂ.

ಅದೇ ದಿನ, ಸ್ವಲ್ಪ ಹೊತ್ತಿನ ಮೇಲೆ

ಚಪ್ಪಲಿಯನ್ನೂ ಹಾಕದೆ ಪಂಕಜಾ ಮನೆಗೆ ಹೋಗಿದ್ದೆ. ಒಲೆಯ ಮೇಲೆ ಅದೇ ಪಾತ್ರೆಯಲ್ಲಿ ಹಾಲು. ಶ್ರೀಶ ಲೋಟ ಹಿಡಿದು ಕೂತಿದ್ದ. ಹಾಲನ್ನು ಸಿಂಕಿಗೆ ಸುರಿದೆ.

"ಏನ್ ಮಾಡ್ತಿದೀರಾ ಸತ್ಯಾ ಅವ್ರೆ?"

"ಅನುಮಾನ ಅಷ್ಟೇ ಪಂಕಜಾ. ಖಾತ್ರಿ ಇಲ್ಲ. ಖಾತ್ರಿ ಆಗೋವರ್ಗೂ ಇವ್ನಿಗೆ ಸ್ಟೀಲ್‌ನಲ್ಲೇ ಕಾಯ್ಸು. ಡಾಕ್ಟರ್ ಹತ್ರ ಹೋಗಿ ರಕ್ತಾನೂ ಟೆಸ್ಟ್ ಮಾಡ್ಸು."

ಎಲ್ಲ ಹೇಳಿದೆ. ಬಾಟಲಿಯ ವಿಷಯವನ್ನೂ. ಪಂಕಜಾ ನಗಲಿಲ್ಲ. ಮಗುವನ್ನು ಎತ್ತಿಕೊಂಡಳು. "ನಿಮ್ ಯಜಮಾನ್ರಿಗೆ?" ಎಂದಳು. ಇನ್ನೂ ಇಲ್ಲ ಎಂದೆ. ಅದಕ್ಕೆ ನಕ್ಕಳು.

ಮಾರ್ಚ್ 1

ಯಾರಿಗೂ ಹೇಳದೆ ಆಟೋ ಹಿಡಿದು ರಾಜಾಜಿನಗರಕ್ಕೆ ಹೋಗಿ ಎರಡು ಬಾಟಲಿ ಕೊಟ್ಟು ಬಂದೆ. ಒಂದರಲ್ಲಿ ತಪ್ಪಲೆಯ ನೀರು. ಇನ್ನೊಂದರಲ್ಲಿ ಹಿತ್ತಲಿನ ಹಳೆಯ ನಲ್ಲಿಯದು, ಹಳೆಯ ಪೈಪಿನದೇ, ಬೆಳಗ್ಗೆ ತಿರುಗಿಸಿದಾಗ ಬಂದ ಮೊದಲ ನೀರು. ಅಡುಗೆಮನೆಯ ನಲ್ಲಿ, ಹಿತ್ತಲಿನ ನಲ್ಲಿ ಒಂದೇ ಅಂಗಡಿಯಿಂದ ಒಂದೇ ದಿನ ತಂದ ಜೋಡಿ. ಮನೆಗೆ ಬಂದಾಗ ಇವರು, ಎಲ್ಲಿಗೆ ಹೋಗಿದ್ದೆ ಎಂದರು. ರವಿಕೆ ಹೊಲಿಯಲು ಕೊಡಲು ಎಂದೆ.

ಮಾರ್ಚ್ 6

ಬಂತು. ತಪ್ಪಲೆಯ ನೀರಿನಲ್ಲಿ ಸೀಸ, ಹೇರಳವಾಗಿ. ನಲ್ಲಿಯ ನೀರು ಮಿತಿಯೊಳಗೆ ಆರಾಮಾಗಿದೆ.

ಶ್ರೀಶನ ರಕ್ತದ ವರದಿಯೂ ಬಂದಿದೆ. ಹೆದರುವಂಥದ್ದಿಲ್ಲ, ಪಾತ್ರೆ ಬಿಡಿ, ಆರು ತಿಂಗಳ ಮೇಲೆ ಮತ್ತೊಮ್ಮೆ ನೋಡೋಣ ಎಂದರಂತೆ ಡಾಕ್ಟರು. ಪಂಕಜಾ ನನ್ನ ಕೈ ಹಿಡಿದುಕೊಂಡಳು.

ಹಾಗಾದರೆ ಗೋಡೆ ಸೀಳಿದ್ದು, ಫಿಲ್ಟರ್, ನಲ್ಲಿ... ಎಲ್ಲ ನನ್ನ ಸೌಟಿನಿಂದ. ಇವರು ಒಳಗಿನ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದಾರೆ. "ಮಹನೀಯರೇ, ಮಹಿಳೆಯರೇ, ಒಂದು ನಲ್ಲಿಯ ಕಥೆ." ನಲ್ಲಿ ಬದಲಿಸಲು ಆರು ಮನೆಯವರು ಆಗಲೇ ತಮ್ಮಣ್ಣನಿಗೆ ಹೇಳಿದ್ದಾರಂತೆ.

ಮಾರ್ಚ್ 8

ಬೆಳಗ್ಗೆ ಕಾಫಿ ಕೊಡುವಾಗ ಹೇಳಬೇಕೆಂದಿದ್ದೆ. ಪೇಪರ್ ಓದುತ್ತಿದ್ದರು. ಊಟಕ್ಕೆ ಬಡಿಸುವಾಗ ಹೇಳಬೇಕೆಂದಿದ್ದೆ. ಸಾರು ಚೆನ್ನಾಗಿದೆ ಎಂದರು. ಸಾರು ಚೆನ್ನಾಗಿದೆ ಅನ್ನುವ ದಿನ ಬರುವುದೇ ವರ್ಷಕ್ಕೊಮ್ಮೆ, ಅದನ್ನು ಹಾಳು ಮಾಡಲಾಗಲಿಲ್ಲ.

ಸಂಜೆ ಹೇಳಿದೆ. ರಿಪೋರ್ಟ್ ಕೈಗಿಟ್ಟು ನಿಂತೆ. ಮೂರು ಕನ್ನಡಕವೂ ಬಂದವು.

"ಅಂದ್ರೆ... ಮೊದಲ್ನೇ ಸ್ಯಾಂಪಲ್ಲು?"

"ತಪ್ಪಲೇದು."

"ಎರಡನೇದು?"

"ತಪ್ಪಲೇದೇ. ತಿಳಿ ತೆಗೆದು ಹಾಕಿದ್ದೆ."

"ಯಾಕೇ?"

"ಹೊರಗಿನವ್ರಿಗೆ ನಲ್ಲಿ ನೀರು ಹೇಗ್ರೀ ಕೊಡೋದು."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹಿತ್ತಲಿಗೆ ಹೋದರು. ಗುಜರಿ ಡಬ್ಬದಿಂದ ಹಳೆಯ ನಲ್ಲಿ ಹುಡುಕಿ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸುತ್ತಾ ಮೆಟ್ಟಿಲ ಮೇಲೆ ಕೂತರು. ನಾನು ಕಾಫಿ ಇಟ್ಟು ಬಂದೆ. ಆರಿಹೋಯಿತು, ಕುಡಿಯಲಿಲ್ಲ. ನಲವತ್ತು ವರ್ಷಕ್ಕೆ ಹತ್ತಿರ ಬಂತು ಮದುವೆಯಾಗಿ. ಇವರ ಕಾಫಿ ಆರಿದ್ದು ಇದೇ ಮೊದಲು.

ಮಾರ್ಚ್ 9, ಭಾನುವಾರ

ಪಾರ್ಕಿನಲ್ಲಿ ಕುರ್ಚಿ ಸಾಲದೆ ಜನ ಕಟ್ಟೆಯ ಮೇಲೆ ಕೂತಿದ್ದರು. ಕೃಷ್ಣಯ್ಯನವರು ಮೈಕ್ ಕೊಟ್ಟರು. ಇವರು ಜೇಬಿನಿಂದ ಭಾಷಣದ ಕಾಗದ ತೆಗೆದರು. ನೋಡಿದರು. ಮತ್ತೆ ಮಡಿಸಿ ಇಟ್ಟುಕೊಂಡರು. ಇನ್ನೊಂದು ಜೇಬಿನಿಂದ ನಲ್ಲಿ ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು.

"ಈ ನಲ್ಲಿ ನಿರಪರಾಧಿ," ಎಂದರು. "ಬೇರೆಯವ್ರ ಮನೇಲಿ ನಲ್ಲೀನೇ ತಪ್ಪು ಮಾಡಿರ್ಬೋದು, ನಮ್ಮನೇಲಿ ಮಾಡಿಲ್ಲ. ನಾನು ಮೂವತ್ತು ವರ್ಷ ಕ್ವಾಲಿಟಿ ನೋಡಿದವ್ನು. ಸ್ಯಾಂಪಲ್ ಎಲ್ಲಿಂದ ತೆಗೆದಿದ್ದು ಅಂತ ಮೊದ್ಲು ಕೇಳ್ಬೇಕು. ಅದು ನಮ್ಮ ಕೆಲ್ಸದ ಮೊದಲ್ನೇ ಪಾಠ. ಮೂರು ಸಲಾನೂ ಕೇಳ್ಲಿಲ್ಲ. ವಾಕಿಂಗ್ ಹೋಗ್ಬಿಟ್ಟೆ. ಮಿಕ್ಕಿದ್ದು ನಮ್ಮ ಮನೆಯವ್ರು ಹೇಳ್ತಾರೆ."

ಮೈಕ್ ನನ್ನ ಕೈಗೆ ಬಂತು. ಶಾಲೆಯಲ್ಲಿ ಮಕ್ಕಳಿಗೆ ಅಷ್ಟು ವರ್ಷ ಸಮಾಜ ಪಾಠ ಮಾಡಿದವಳು ನಾನು. ಇದ್ದದ್ದು ಇದ್ದ ಹಾಗೆ ಹೇಳಿದೆ. ತಪ್ಪಲೆ, ಕಲಾಯಿ, ಸೌಟು, ಲೇಬಲ್. ಲೇಬಲ್ ವಿಷಯಕ್ಕೆ ಗಂಡಸರು ನಕ್ಕರು. ಹೆಂಗಸರು ಯಾರೂ ನಗಲಿಲ್ಲ. ಅವರಿಗೆ ಅರ್ಥವಾಯಿತು. ನಲ್ಲಿಯ ನೀರನ್ನೂ ಪಾತ್ರೆಯ ನೀರನ್ನೂ ಬೇರೆ ಬೇರೆ ಟೆಸ್ಟ್ ಮಾಡಿಸಿ, ಆಮೇಲೆ ಗೋಡೆ ಒಡೆಯಿರಿ ಎಂದು ಹೇಳಿ ಮುಗಿಸಿದೆ.

ಹಿಂದಿನ ಸಾಲಿನಿಂದ ಒಬ್ಬೊಬ್ಬರೇ ಹೆಂಗಸರು ಎದ್ದು ಹೊರಟರು. ನನ್ನ ಮಾತು ಬೇಸರವಾಯಿತೇನೋ ಅಂದುಕೊಂಡೆ. ಕೃಷ್ಣಯ್ಯನವರ ಹೆಂಡತಿ ನನ್ನ ಪಕ್ಕ ಹಾದುಹೋಗುವಾಗ ಪಿಸುಗುಟ್ಟಿದರು: "ಅವತ್ತು ನಾವೂ ಕಲಾಯಿ ಮಾಡ್ಸಿದ್ವಿ ಕಣ್ರೀ. ಸಾರಿನ ಪಾತ್ರೆ. ಒಲೆ ಮೇಲಿದೆ."

ಮನೆಗೆ ಬರುವಾಗ ಇವರು, "ತಿಳಿ ತೆಗೆದು ಹಾಕಿದ್ಯಾ?" ಎಂದು ಕೇಳಿದರು. ಹೂಂ ಎಂದೆ. ಬೀದಿಯ ಮಧ್ಯೆ ನಿಂತು ನಗಲು ಶುರು ಮಾಡಿದರು. ನಾನೂ. ತಮ್ಮಣ್ಣ ಬೈಕಿನಲ್ಲಿ ಹೋಗುತ್ತಿದ್ದವನು ನಿಂತು ನೋಡಿದ. ಆರು ಮನೆಯ ಕೆಲಸ ಹೋಯಿತೆಂದು ಅವನಿಗೆ ಇನ್ನೂ ಗೊತ್ತಿರಲಿಲ್ಲ.

ಮಾರ್ಚ್ 14, ಶುಕ್ರವಾರ

ಬಂದಳು. ಹೊಟ್ಟೆ ಮುಂದೆ, ಅವಳು ಹಿಂದೆ. ಅರುಣನ ಕೈಯಲ್ಲಿ ಕಲಾವತಿಯವರು ಕಟ್ಟಿಕೊಟ್ಟ ಅಂಟಿನುಂಡೆ ಡಬ್ಬ. ಬಾಣಂತನಕ್ಕೆ ಅವರೂ ಹದಿನೈದು ದಿನ ಬರುತ್ತಾರಂತೆ. ಬರಲಿ. ಎಣ್ಣೆ ಹಚ್ಚಲು ಎರಡು ಕೈ ಸಾಲದು.

ತಪ್ಪಲೆಯನ್ನು ಅಟ್ಟಕ್ಕೆ ಏರಿಸಿದ್ದೇನೆ. ಅಮ್ಮನ ಮುಖ ನೋಡಿದ ಹಾಗೆ ಆಯಿತು, ಅಳು ಬಂತು. ತಪ್ಪು ಅದರದಲ್ಲ. ಒಂದು ದಿನ ಆ ಹೊಳಪನ್ನು ಕೆರೆಸಿ ತೆಗೆಸಿ, ಕೊತ್ತಂಬರಿ ಗಿಡವನ್ನಾದರೂ... ಬೇಡ, ಅದನ್ನೂ ತಿನ್ನುತ್ತೇವೆ. ದಾಸವಾಳ ಹಾಕುತ್ತೇನೆ.

ನಡುಮನೆಯಿಂದ ಗಗನಾ ಕೂಗುತ್ತಿದ್ದಾಳೆ. "ಅಮ್ಮ, ಬಾಯಾರಿಕೆ. ಅಜ್ಜಿ ತಪ್ಪಲೆ ನೀರು ಕೊಡಮ್ಮ."

ಅವಳಿಗೆ ಇನ್ನೂ ಪೂರ್ತಿ ಕಥೆ ಹೇಳಿಲ್ಲ. ಇವರು ಆಗಲೇ ಅಡುಗೆಮನೆಯಲ್ಲಿದ್ದಾರೆ. ಹಳೆಯ ನಲ್ಲಿಯನ್ನು ಭಾಷಣದ ದಿನ ಸಂಜೆಯೇ ಮತ್ತೆ ಅದರ ಜಾಗದಲ್ಲಿ ಕೂರಿಸಿ ನೀರನ್ನು ಟೆಸ್ಟಿಗೆ ಕೊಟ್ಟಿದ್ದರು, ಸೀಸ ಮಿತಿಯೊಳಗಿದೆ ಎಂದು ಇವತ್ತು ಬೆಳಗ್ಗೆ ವರದಿ ಬಂತು. ಮೊದಲ ನೀರನ್ನು ಬಕೆಟಿಗೆ ಬಿಟ್ಟು, ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದಾರೆ. ನಾನು ಹೂಂ ಅನ್ನಬೇಕಂತೆ.

ಮಗಳಿಗೆ, ಬಸುರಿ ಮಗಳಿಗೆ, ನಲ್ಲಿ ನೀರು. ಅಮ್ಮ ಇದ್ದಿದ್ದರೆ...

ಹೂಂ ಅಂದೆ. ಲೋಟ ತುಂಬಿತು. ನಾನೇ ಕೊಂಡುಹೋಗಿ ಕೊಡುತ್ತೇನೆ.